ಜೊತೆಗೆ ಹೋದವರು

ಅಂಕ್ವಾನೊ ಊರಿನಲ್ಲಿ ಸಾಯಲು ಒಂದು ಗಳಿಗೆ ಸಾಕು, ಮಣ್ಣಾಗಲು ಮೂರು ತಿಂಗಳಾದರೂ ಬೇಕು. ಉಸಿರು ನಿಂತ ದಿನವೇ ಶವ ಆಸ್ಪತ್ರೆಯ ತಣ್ಣನೆಯ ಕೋಣೆ ಸೇರುತ್ತದೆ. ಆಮೇಲೆ ಮನೆಗೆ ಸುಣ್ಣ ಬಣ್ಣ ಆಗಬೇಕು, ಮುರಿದ ಪಾಗಾರ ಕಟ್ಟಿಸಬೇಕು, ಬಂಧುಬಳಗಕ್ಕೆಲ್ಲ ಒಂದೇ ಥಾನಿನಿಂದ ಕಪ್ಪು ಕೆಂಪು ಬಟ್ಟೆ ಹೊಲಿಸಬೇಕು, ಸತ್ತವರ ಆಳೆತ್ತರದ ಚಿತ್ರವನ್ನು ಕೂಡುರಸ್ತೆಯಲ್ಲಿ ನಿಲ್ಲಿಸಬೇಕು. ಚಿತ್ರದ ಕೆಳಗೆ ‘ಅಲ್ಪಕಾಲದ ಅಸೌಖ್ಯದಿಂದ’ ಎಂದು ಬರೆಸುವುದು ಕಡ್ಡಾಯ. ಹತ್ತು ವರ್ಷ ಹಾಸಿಗೆ ಹಿಡಿದು ನರಳಿದವರೂ, ಲಾರಿಗೆ ಸಿಕ್ಕವರೂ, ಕುಡಿದು ಬಾವಿಗೆ ಬಿದ್ದವರೂ ಈ ಊರಿನಲ್ಲಿ ಅಲ್ಪಕಾಲದ ಅಸೌಖ್ಯದಿಂದಲೇ ತೀರಿಕೊಳ್ಳುತ್ತಾರೆ. ಅದು ಕಾಯಿಲೆಯ ಹೆಸರಲ್ಲ, ಮನೆತನದ ಮರ್ಯಾದೆ.

ಆ ಮರ್ಯಾದೆಗೆ ಅಡ್ಡಗಾಲು ಹಾಕಲೆಂದೇ ಸರ್ಕಾರ ಸಂಬಳ ಕೊಟ್ಟು ಇಟ್ಟುಕೊಂಡಿದ್ದವಳು ಡಾಕ್ಟರ್ ಅರಾಬಾ ಎಸ್ಸುಮನ್. ಜಿಲ್ಲಾ ಆಸ್ಪತ್ರೆಯ ಹಿಂಭಾಗದಲ್ಲಿ ಶವಪರೀಕ್ಷೆ ಮಾಡುವ ಡಾಕ್ಟರಮ್ಮ. ಅವಳ ರೋಗಿಗಳು ಯಾವತ್ತೂ ದೂರು ಹೇಳಿದವರಲ್ಲ, ಹೇಳುತ್ತಿದ್ದವರೆಲ್ಲ ನೆಂಟರು. ಹೆಣ ಕೊಯ್ಯುವುದು ಸತ್ತವರಿಗಾಗಿ ಅಲ್ಲ, ಇನ್ನೂ ಸಾಯದೆ ಉಳಿದವರಿಗಾಗಿ ಎಂದು ರಾಜಧಾನಿಯ ಕಾಲೇಜಿನಲ್ಲಿ ಅವಳಿಗೆ ಕಲಿಸಿದ್ದರು. ಅದನ್ನು ಅವಳು ನಂಬಿದ್ದಳು, ಪಾಪ. ಹೆದ್ದಾರಿಯ ತಿರುವಿನಲ್ಲಿ ಒಂದೇ ರೀತಿ ತಲೆಯೊಡೆದು ಬಂದ ಹೆಣಗಳನ್ನು ನೋಡಿ ನೋಡಿ ಅವಳು ಬರೆದ ವರದಿಯಿಂದಲೇ ಅಲ್ಲಿ ರಸ್ತೆ ಉಬ್ಬು ಬಂದಿತ್ತು. ಅಲ್ಲಿಂದ ಮುಂದೆ ಆ ತಿರುವಿನಿಂದ ಒಂದು ಹೆಣವೂ ಬರಲಿಲ್ಲ. ಊರಿನ ಟ್ಯಾಕ್ಸಿಯವರು ಮಾತ್ರ ದಿನಕ್ಕೆ ಹತ್ತು ಸಲ ಆ ಉಬ್ಬು ಹತ್ತಿಳಿಯುತ್ತ ಅದನ್ನು ಹಾಕಿಸಿದವರ ವಂಶಕ್ಕೇ ಶಾಪ ಹಾಕುತ್ತಿದ್ದರು. ಅವರಲ್ಲಿ ಯಾರ ತಲೆ ಉಳಿಯಿತೆಂದು ಯಾರಿಗೆ ಗೊತ್ತು? ಉಳಿದ ತಲೆಗೆ ತಾನು ಉಳಿದದ್ದು ಗೊತ್ತಾಗುವುದಿಲ್ಲ.

ಈಗಿನ ಕಥೆ ಶುರುವಾದದ್ದು ನಿವೃತ್ತ ಸುಂಕದ ಗುಮಾಸ್ತ ಒಟ್ಸಿನ್‌ನ ಸಾವಿನ ಮನೆಯಲ್ಲಿ. ಪದ್ಧತಿಯಂತೆ ಶುಕ್ರವಾರ ಸಂಜೆ ಶವವನ್ನು ಆಸ್ಪತ್ರೆಯಿಂದ ಮನೆಗೆ ತಂದು ಹಿತ್ತಾಳೆಯ ಮಂಚದ ಮೇಲೆ ಮಲಗಿಸಿದರು. ಅಲಂಕಾರದವರು ಗೋಡೆ, ಕಿಟಕಿ, ಬೆಳಕಿಂಡಿ ಒಂದನ್ನೂ ಬಿಡದೆ ಪಟ್ಟೆ ಪಟ್ಟೆಯ ಕೆಂಟೆ ಬಟ್ಟೆಯನ್ನೂ ಬಿಳಿ ಜಾಲರಿಯನ್ನೂ ಬಿಗಿಯಾಗಿ ಹೊಡೆದು ಕೋಣೆಯನ್ನು ಆಭರಣದ ಪೆಟ್ಟಿಗೆಯ ಹಾಗೆ ಮಾಡಿದರು. ತಂಪಿಗೆ ಏಸಿ ಬಂತು. ಕರೆಂಟು ಹೋದರೆ ಏಸಿ ನಿಲ್ಲಬಾರದೆಂದು ಜನರೇಟರ್ ಬಂತು. ಅದನ್ನು ಕಿಟಕಿಯ ಕೆಳಗೆ ಒಳ ಓಣಿಯಲ್ಲಿ ಸರಪಳಿ ಹಾಕಿ ಕಟ್ಟಿದರು. ಕುಲದ ಹಿರಿಯ ಹೆಂಗಸರು ಶವದ ಸುತ್ತ ಜಾಗರಣೆ ಕುಳಿತರು. ನಡುರಾತ್ರಿ ಕರೆಂಟು ಹೋಯಿತು. ಬೆಳಿಗ್ಗೆ ನೋಡಿದರೆ ಇಬ್ಬರು ಮುದುಕಿಯರು ಗೋಡೆಗೊರಗಿ ಕುಳಿತಲ್ಲೇ ಹೋಗಿಬಿಟ್ಟಿದ್ದರು. ಉಳಿದವರಿಗೆ ತಲೆ ಸಿಡಿತ, ವಾಂತಿ. ಅಡುಗೆಯವಳ ಜೊಲ್ಲೊಫ್ ಅನ್ನ ಹಳಸಿತ್ತೆಂದು ಎಲ್ಲರೂ ಅವಳಿಗೆ ಛೀಮಾರಿ ಹಾಕಿದರು.

ಸತ್ತ ಇಬ್ಬರ ಬಗ್ಗೆ ಮಾತ್ರ ಊರು ಬೇರೆಯೇ ತೀರ್ಪು ಕೊಟ್ಟಿತು. ಒಟ್ಸಿನ್ ಒಬ್ಬನೇ ಹೋಗಲಿಲ್ಲ, ಜೊತೆಗೆ ಕರೆದುಕೊಂಡು ಹೋದ! ಹಿಂದಿನ ಕಾಲದಲ್ಲಿ ರಾಜರು ಹೋಗುವಾಗ ಪರಿವಾರ ಜೊತೆಗೆ ಹೋಗುತ್ತಿತ್ತಂತೆ. ಜೀವಮಾನವೆಲ್ಲ ಪೆಟ್ಟಿಗೆಗಳ ಮೇಲೆ ಠಸ್ಸೆ ಒತ್ತಿದ ಗುಮಾಸ್ತನಿಗೆ ಆ ಯೋಗ ಬಂತೆಂದರೆ ಆತ ಸಾಮಾನ್ಯನೇ? ಅವನ ಮಕ್ಕಳು ದುಃಖದ ನಡುವೆಯೂ ಎದೆಯುಬ್ಬಿಸಿ ಓಡಾಡಿದರು. ಮುಂದೆ ಕೊಬ್ಬರಿ ಎಣ್ಣೆ ವ್ಯಾಪಾರಿಯೊಬ್ಬ ಸತ್ತಾಗ ಜಾಗರಣೆಯಲ್ಲಿ ಇನ್ನೊಬ್ಬಳು ಹೋದಳು. ಅದಾದ ಮೇಲೆ ಸತ್ತ ಶಾಲಾ ಮೇಷ್ಟರ ಮನೆಯಲ್ಲಿ ಜಾಗರಣೆಯ ರಾತ್ರಿ ಕರೆಂಟೇ ಹೋಗಲಿಲ್ಲ, ಯಾರೂ ಸಾಯಲಿಲ್ಲ. ಮೇಷ್ಟರ ಮಕ್ಕಳ ಮುಖ ಹುಳ್ಳಗಾಗಿತ್ತು. “ಹೋಗ್ಲಿ ಬಿಡ್ರಪ್ಪ, ಮೇಷ್ಟ್ರು ಮೊದ್ಲಿಂದ್ಲೂ ಯಾರಿಗೂ ತೊಂದ್ರೆ ಕೊಟ್ಟೋರಲ್ಲ” ಎಂದು ಜನ ಸಮಾಧಾನ ಹೇಳಬೇಕಾಯಿತು.

ಎಣ್ಣೆ ವ್ಯಾಪಾರಿಯ ಜೊತೆಗೆ ಹೋದವಳು ಅರಾಬಾಳ ಮೇಜಿಗೆ ಬಂದದ್ದು ಪೊಲೀಸ್ ಇನ್ಸ್‌ಪೆಕ್ಟರನ ಹಟದಿಂದ. ಆತ ಉತ್ತರದ ಸೀಮೆಯವನು, ಹೊಸದಾಗಿ ಬಂದವನು, ಊರಿನ ಮರ್ಯಾದೆ ತಿಳಿಯದವನು. ಶವ ತಂದ ನೆಂಟರು ಅಳುವುದನ್ನು ಮರೆತು ಅದನ್ನು ಮೆಚ್ಚುತ್ತಿದ್ದರು. “ನೋಡಿ ಡಾಕ್ಟ್ರಮ್ಮ, ತುಟಿ ನೋಡಿ, ಅಂಗೈ ನೋಡಿ, ಮದುವಣಗಿತ್ತಿ ಥರ ಹೇಗೆ ಕೆಂಪಗಾಗಿದ್ದಾಳೆ. ಸ್ವರ್ಗ ಕಂಡ ಮುಖ ಇದು.” ಅರಾಬಾ ನೋಡಿದಳು. ತುಟಿ, ನಾಲಿಗೆ, ಉಗುರಿನ ಬುಡ ಎಲ್ಲ ಕೆಂಪು. ಕೊಯ್ದರೆ ಒಳಗಿನ ರಕ್ತ ಆಗತಾನೇ ಅರಳಿದ ದಾಸವಾಳದ ಬಣ್ಣ. ಸತ್ತವರ ರಕ್ತ ಹಾಗಿರುವುದಿಲ್ಲ. ಎಂಜಿನ್ನಿನ ವಿಷದ ಹೊಗೆ ಕುಡಿದು ಸತ್ತವರದು ಮಾತ್ರ ಹಾಗಿರುತ್ತದೆ. ರಾಜಧಾನಿಯ ಪ್ರಯೋಗಾಲಯವೂ ಅದನ್ನೇ ಹೇಳಿತು. ಸ್ವರ್ಗ ಕಂಡ ಮುಖವಲ್ಲ ಅದು, ಜನರೇಟರ್ ಕಂಡ ಮುಖ.

ಅವಳು ಸುಮ್ಮನೆ ಕೂರಲಿಲ್ಲ. ಜಿಲ್ಲಾಧಿಕಾರಿಯ ಹತ್ತಿರ ಹೋದಳು. ಆತ ಬಹಳ ಕಳಕಳಿಯಿಂದ ಕೇಳಿಸಿಕೊಂಡು, ಊಟದ ವ್ಯವಸ್ಥೆ ಸಮೇತ ಎರಡು ದಿನದ ಕಾರ್ಯಾಗಾರ ಮಾಡೋಣ, ಮುಂದಿನ ವರ್ಷ ಎಂದ. ಎಫ್ಎಂ ರೇಡಿಯೊಗೆ ಹೋದಳು. ಗಂಡಸರ ಶಕ್ತಿವರ್ಧಕ ಕಷಾಯದ ಜಾಹೀರಾತು ಮುಗಿದ ತಕ್ಷಣ ಅವಳನ್ನು ಮಾತಾಡಿಸಿದರು. ಫೋನು ಮಾಡಿದವರೆಲ್ಲ ಆ ಕಷಾಯ ಊಟಕ್ಕೆ ಮೊದಲೋ ಆಮೇಲೋ ಎಂದು ಅವಳನ್ನೇ ಕೇಳಿದರು, ಡಾಕ್ಟರಲ್ಲವೇ! ಕೊನೆಗೆ ಜನರೇಟರ್ ಬಾಡಿಗೆ ಕೊಡುವ ಕಾಕ್ರಾನ ಬಳಿಗೇ ಹೋದಳು. ‘ಆತುರವೇಕೆ ಶಾಮಿಯಾನಾ ಮತ್ತು ಬೆಳಕು’ ಎಂಬ ಫಲಕದ ಕೆಳಗೆ ಕುಳಿತು ಆತ ವೈರು ಸುತ್ತುತ್ತಿದ್ದ.

“ಅದನ್ನ ಬೀದೀಲಿಡು ಕಾಕ್ರಾ. ಕಿಟಕಿ ಕೆಳಗೆ ಬೇಡ.”

“ಬೀದೀಲಿಟ್ರೆ ಬೆಳಗ್ಗೆ ಇರುತ್ತಾ ಅಕ್ಕ? ನೀವು ಸಾವಿಗೆ ಬರೋರ ಕಣ್ಣೀರು ನೋಡಿದೀರಿ, ನಾನು ಅವರ ಕೈ ನೋಡಿದೀನಿ. ಹೋದ್ ವರ್ಷ ಒಬ್ಬ ಅಳ್ತಾ ಅಳ್ತಾನೇ ಬಂದು ನನ್ನ ಜನರೇಟರ್ ಎತ್ಕೊಂಡ್ ಹೋದ.”

“ಜನ ಸಾಯ್ತಿದಾರೋ.”

“ಜನ ಸತ್ರೇ ಅಲ್ವಾ ಅಕ್ಕ ನಮಗೂ ನಿಮಗೂ ಕೆಲಸ?” ಎಂದ ಕಾಕ್ರಾ. ಕೆಟ್ಟವನಲ್ಲ ಅವನು. ಅವಳಿಗೆ ಕೂರಲು ಕುರ್ಚಿ ಒರೆಸಿ ಕೊಟ್ಟ.

ಇಷ್ಟರಲ್ಲಿ ಊರಿನ ಬುದ್ಧಿ ಇನ್ನೊಂದು ದಿಕ್ಕಿಗೆ ಓಡತೊಡಗಿತ್ತು. ಸತ್ತವರಿಗೇನೋ ಕೀರ್ತಿ ಬಂತು. ಆದರೆ ಇನ್ನು ಮುಂದೆ ಜಾಗರಣೆಗೆ ಕೂರಲು ಹೆಂಗಸರು ಹಿಂದೇಟು ಹಾಕತೊಡಗಿದರು. ಬೇರೆಯವರ ಮನೆಯ ಕೀರ್ತಿಗಾಗಿ ತಾವು ಹೋಗಲು ಯಾರಿಗೂ ಮನಸ್ಸಿರಲಿಲ್ಲ. ಹೆದರಿಕೆ ಹುಟ್ಟಿದ ಮೇಲೆ ಅದಕ್ಕೊಂದು ಮುಖ ಬೇಕಲ್ಲ? ಎರಡೂ ಸಲ ಜಾಗರಣೆಯ ಕೋಣೆಯಲ್ಲಿ ಕುಳಿತೂ ಏನೂ ಆಗದೆ ಬೆಳಿಗ್ಗೆ ಎದ್ದು ಗಂಜಿ ಕುಡಿದು ಮನೆಗೆ ನಡೆದವಳು ಒಬ್ಬಳಿದ್ದಳು, ಬೆಂಚಿವಾ.

ಬೆಂಚಿವಾ ಅರಾಬಾಳ ತಾಯಿಯ ಅಕ್ಕ. ತಾಯಿ ಸತ್ತಾಗ ಮಗುವಾಗಿದ್ದ ಅರಾಬಾಳನ್ನು ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು. ಆ ಬೆನ್ನ ಮೇಲಿದ್ದೇ ಅರಾಬಾ ಊರಿನ ಸಾವುಗಳನ್ನೆಲ್ಲ ನೋಡಿದ್ದಳು, ಏಕೆಂದರೆ ಬೆಂಚಿವಾ ಶೋಕಗೀತೆ ಹಾಡುವವಳು. ಅವಳು ದನಿಯೆತ್ತಿ ಸತ್ತವರ ತಾತ ಮುತ್ತಾತಂದಿರನ್ನು ಹೆಸರು ಹಿಡಿದು ಕರೆದರೆ, ಸತ್ತವನ ಮೇಲೆ ಮೊಕದ್ದಮೆ ಹೂಡಿದ್ದ ತಮ್ಮನೂ ಗೋಳೋ ಎಂದು ಅಳುತ್ತಿದ್ದ. ಅವಳಿಲ್ಲದೆ ಹೋದವರು ಅರ್ಧ ದಾರಿಯಲ್ಲೇ ನಿಂತಿರುತ್ತಾರೆಂದು ಜನ ಹೇಳುತ್ತಿದ್ದರು. ಈಗ ಅದೇ ಜನ ಅವಳು ಬಂದರೆ ಮಕ್ಕಳನ್ನು ಒಳಗೆ ಕರೆದುಕೊಳ್ಳತೊಡಗಿದರು.

ಭಾನುವಾರ ಚರ್ಚು ಮುಗಿದ ಮೇಲೆ ಕುಲದ ಹಿರಿಯ, ತಾಯಿಯ ಕಡೆಯಿಂದ ಅರಾಬಾಳಿಗೆ ದೂರದ ಮಾವನಾಗಬೇಕಾದ ಅಬಾಕಾ ತನ್ನ ಅಂಗಳದಲ್ಲಿ ಸಭೆ ಸೇರಿಸಿದ. ಅವನ ಸ್ವಂತ ಅಕ್ಕ, ಹೊಗೆ ಮೀನಿನ ದೊಡ್ಡ ವ್ಯಾಪಾರಿ ತೆಕಿವಾ, ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿ ಸರದಿ ಕಾಯುತ್ತಿದ್ದಳು. ಮುಂದಿನ ಶುಕ್ರವಾರ ಅವಳ ಜಾಗರಣೆ. ಕೂರಲು ಹೆಂಗಸರು ಒಪ್ಪುತ್ತಿರಲಿಲ್ಲ. ಬೆಂಚಿವಾ ಒಂದು ಮಣೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಅರಾಬಾ ಎದ್ದು ನಿಂತು ಹೆಣ ತನಗೆ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದಳು.

ಅಬಾಕಾ ತಾಳ್ಮೆಯಿಂದ ಕೇಳಿದ. “ಹೊಗೆ ಅಂತೀಯ ಮಗಳೇ. ಆ ಹೊಗೆ ಕಂಡೋರು ಯಾರು?”

“ಅದರಲ್ಲಿರೋ ವಿಷ ಕಣ್ಣಿಗೆ ಕಾಣಲ್ಲ ಮಾವ.”

“ವಾಸನೆ?”

“ವಾಸನೆನೂ ಇರಲ್ಲ.”

“ಕಾಣಲ್ಲ, ವಾಸನೆ ಇಲ್ಲ, ರಾತ್ರಿ ಹೊತ್ತು ಬರುತ್ತೆ, ಮುಚ್ಚಿದ ಬಾಗಿಲೊಳಗೆ ನುಗ್ಗುತ್ತೆ, ಕೂತಿರೋ ಮುದುಕೀರ ಜೀವ ತೆಗೆಯುತ್ತೆ.” ಅಬಾಕಾ ಸುತ್ತಲೂ ನೋಡಿದ. “ಅದಕ್ಕೆ ನಮ್ಮಲ್ಲೊಂದು ಹೆಸರಿದೆ ಕಣಮ್ಮ. ನಿನ್ನ ಪುಸ್ತಕಕ್ಕಿಂತ ಹಳೇ ಹೆಸರು.”

ಅಂಗಳವೆಲ್ಲ ಹೌದೆನ್ನುವಂತೆ ಗುಣುಗುಟ್ಟಿತು. ಅರಾಬಾಳಿಗೆ ತನ್ನ ನಾಲಿಗೆ ತಾನೇ ಕಚ್ಚಿಕೊಂಡ ಹಾಗಾಯಿತು. ಮಾಟದ ಲಕ್ಷಣಗಳನ್ನು ಇಷ್ಟು ಕರಾರುವಾಕ್ಕಾಗಿ ಊರಿನ ಪಾದ್ರಿ ಕೂಡ ಹೇಳಿರಲಿಲ್ಲ.

“ಅದಿರ್ಲಿ” ಎಂದ ಅಬಾಕಾ. “ಎಲ್ರಿಗೂ ತಲೆ ನೋವು, ವಾಂತಿ. ಇವಳಿಗೊಬ್ಬಳಿಗೆ ಯಾಕೆ ಏನೂ ಆಗ್ಲಿಲ್ಲ? ಎರಡ್ ಸಲಾನೂ? ಬೆಂಚಿವಾ, ನೀನೇ ಹೇಳು.”

ಬೆಂಚಿವಾಳ ಬೆನ್ನು ಇನ್ನಷ್ಟು ನೆಟ್ಟಗಾಯಿತು, ಅಷ್ಟೇ.

ಹಿಂದಿನಿಂದ ಯಾರೋ ಹೆಂಗಸು ಅಂದಳು, “ಅವಳ ತಂಗಿ ಮಗಳು ಇನ್ನೇನ್ ಹೇಳ್ತಾಳೆ? ಆ ವಿದ್ಯೆ ತಾಯಿ ಕಡೆಯಿಂದಾನೇ ಇಳಿಯೋದು. ಹೆಣ ಕುಯ್ಯೋ ಕೆಲಸ ದೇಶದಲ್ಲಿ ಯಾರಿಗೂ ಬೇಡವಾಗಿದ್ದು ಇವಳಿಗೇ ಯಾಕೆ ಬೇಕಾಯ್ತು ಕೇಳಿ.”

“ತಾಯಿ ಕಡೆ ಅಂದ್ರೆ ಮಾವನೂ ಅದೇ ಕಡೆಯೋರೇ ಅಲ್ವಾ?” ಎಂದಳು ಅರಾಬಾ.

ಒಬ್ಬ ಕಿಸಕ್ಕನೆ ನಕ್ಕು ತಕ್ಷಣ ಕೆಮ್ಮಿದ. ಅಬಾಕಾನ ಮುಖ ಕೆಂಡವಾಯಿತು. ಆ ಮಾತು ಆಡದಿದ್ದರೆ ತೀರ್ಪು ಸ್ವಲ್ಪ ಮೆತ್ತಗಿರುತ್ತಿತ್ತೋ ಏನೋ. ತೀರ್ಪು ಇದು: ತೆಕಿವಾಳ ಸಾವಿನ ಮನೆಯ ಹೊಸ್ತಿಲನ್ನು ಬೆಂಚಿವಾ ತುಳಿಯಕೂಡದು. ಅವಳನ್ನು ದೂರವಿಟ್ಟು ನೋಡುವುದು. ಆಮೇಲೂ ಯಾರಾದರೂ ಸತ್ತರೆ ಅವಳು ನಿರಪರಾಧಿ. ಯಾರೂ ಸಾಯದಿದ್ದರೆ ಅವಳು ಊರು ಬಿಡಬೇಕು.

ನ್ಯಾಯವಾದ ಪರೀಕ್ಷೆಯೆಂದು ಎಲ್ಲರೂ ಒಪ್ಪಿದರು. ಅರಾಬಾ ಲೆಕ್ಕ ಹಾಕಿದಳು. ಅವಳು ಜಾಗರಣೆಯ ಹೆಂಗಸರನ್ನು ಉಳಿಸಿದರೆ ದೊಡ್ಡಮ್ಮ ಅಪರಾಧಿಯಾಗುತ್ತಾಳೆ. ದೊಡ್ಡಮ್ಮ ಉಳಿಯಬೇಕಾದರೆ ಇನ್ನೊಬ್ಬ ಮುದುಕಿ ಸಾಯಬೇಕು.

ಮನೆಗೆ ಬಂದು ಬೆಂಚಿವಾ ಕೆಂಕೆ ಮುದ್ದೆಯ ಎಲೆ ಬಿಡಿಸಿ, ಹುರಿದ ಮೀನು, ಮೆಣಸಿನ ಚಟ್ನಿ ಇಟ್ಟುಕೊಂಡು ನಿಶ್ಚಿಂತೆಯಿಂದ ಉಣ್ಣತೊಡಗಿದಳು. ಅರಾಬಾಳಿಗೆ ತುತ್ತು ಇಳಿಯಲಿಲ್ಲ.

“ದೊಡ್ಡಮ್ಮ, ನಿಜ ಹೇಳಿ. ಆ ರಾತ್ರಿಗಳಲ್ಲಿ ನೀವು ಎದ್ದು ಎದ್ದು ಹೊರಗೆ ಹೋಗ್ತಿದ್ರಿ ಅಲ್ವಾ?”

“ಯಾರ್ ಹೇಳಿದ್ದು?”

“ಯಾರೂ ಹೇಳ್ಲಿಲ್ಲ. ಬಿಪಿಗೆ ಕೊಟ್ಟಿದಾರಲ್ಲ, ನೀರಿಳಿಯೋ ಮಾತ್ರೆ, ಅದನ್ನ ಬೆಳಗ್ಗೆ ತಾನೇ ತಗೊಳ್ತಿರೋದು?”

ಬೆಂಚಿವಾ ಮೀನಿನ ಮುಳ್ಳನ್ನು ಬಹಳ ಶ್ರದ್ಧೆಯಿಂದ ಬಿಡಿಸಿದಳು. “ಬೆಳಗ್ಗೆ ತಗೊಂಡ್ರೆ ಹಗಲೆಲ್ಲಾ ಓಡ್ಬೇಕು. ಪೇಟೇಲಿ ಯಾರ್ ಮನೆ ಹಿತ್ಲಿಗೆ ಅಂತ ಹೋಗ್ಲಿ? ರಾತ್ರಿ ನುಂಗ್ತೀನಿ.”

ಅರಾಬಾ ಹಣೆಗೆ ಕೈಯಿಟ್ಟಳು. ಮಾತ್ರೆ ಬೆಳಿಗ್ಗೆಯೇ ನುಂಗಬೇಕೆಂದು ಅವಳು ಎಷ್ಟು ಸಲ ಬೈದಿದ್ದಳು! ಡಾಕ್ಟರ ಮಾತು ಕೇಳಿದ್ದರೆ ದೊಡ್ಡಮ್ಮನೂ ಗೋಡೆಗೊರಗಿ ಕೆಂಪು ತುಟಿಯ ಮದುವಣಗಿತ್ತಿಯಾಗಿರುತ್ತಿದ್ದಳು. ಗಳಿಗೆಗೊಮ್ಮೆ ಹಿತ್ತಿಲಿಗೆ ಓಡಿ ಹೊರಗಿನ ಗಾಳಿ ಕುಡಿದು ಬಂದವಳು ಉಳಿದಳು. ನೆಟ್ಟಗೆ ಕೂತವರು ಹೋದರು.

“ಇದನ್ನ ಸಭೇಲಿ ಹೇಳ್ಬಾರ್ದಿತ್ತಾ? ನಾನು ಹೇಳ್ತೀನಿ ಹಾಗಾದ್ರೆ. ನಾಳೇನೇ.”

“ಹೇಳಿ ನೋಡು, ನಿನ್ನ ಮುಖ ನೋಡಲ್ಲ.” ಮುದುಕಿ ಚಟ್ನಿಯ ಬೆರಳೆತ್ತಿ ಗದರಿದಳು. “ನಾನು ಸತ್ತೋರಿಗೆ ದಾರಿ ತೋರ್ಸೋಳು. ಹಾಡಿನ ಮಧ್ಯೆ ಹಿತ್ಲಿಗೆ ಓಡ್ತಾಳೆ, ಉಚ್ಚೆ ಮುದುಕಿ ಅಂತ ಹುಡುಗ್ರು ಕುಣಿಬೇಕಾ? ಮಾಟಗಾತಿ ಅಂದ್ರೆ ಹೆದ್ರಿಕೊಳ್ತಾರೆ. ಉಚ್ಚೆ ಅಜ್ಜಿ ಅಂದ್ರೆ ನಗ್ತಾರೆ. ಯಾವ್ದಾಗ್ಬೇಕು ಅಂತ ನನಗೆ ಗೊತ್ತು.”

ಬುಧವಾರ ಅಬಾಕಾ ಶವಾಗಾರಕ್ಕೆ ಬಂದ. ಅರಾಬಾಳ ಮೇಲಿನ ಸಿಟ್ಟಿಗಿಂತ ಅಕ್ಕನ ಮುಖದ ಚಿಂತೆ ದೊಡ್ಡದಿತ್ತು. ತೆಕಿವಾಳಿಗೆ ಉಡಿಸಬೇಕಾದ ಬಂಗಾರದ ಅಂಚಿನ ಬಟ್ಟೆ, ಮಣಿಸರ, ಹೊಳೆಯುವ ಚಪ್ಪಲಿ ಎಲ್ಲ ಒಂದು ಚೀಲದಲ್ಲಿತ್ತು. ಅಕ್ಕನ ಮುಖವನ್ನು ಹತ್ತಿರದಿಂದ ನೋಡಿದ, ದೂರ ನಿಂತು ನೋಡಿದ.

“ಮುಖ ಕೆಡಬಾರ್ದು ಕಣಮ್ಮ ಅರಾಬಾ. ಬಿಷಪ್ ಬರ್ತಾರೆ. ವಿಡಿಯೊ ತೆಗೀತಾರೆ. ಒಟ್ಸಿನ್ ಮುಖ ಬೆಳಗ್ಗೆ ಹೊತ್ತಿಗೆ ಸ್ವಲ್ಪ ಇಳಿದೋಗಿತ್ತು, ಇವತ್ತಿಗೂ ಜನ ಆಡ್ಕೊಳ್ತಾರೆ.”

ಅರಾಬಾ ಅವನನ್ನೇ ನೋಡಿದಳು. ಇದುವರೆಗೂ ಅವಳು ಬದುಕಿರುವವರ ಹೆಸರು ಹೇಳಿ ಬೇಡಿಕೊಂಡಿದ್ದಳು. ಈ ಊರಿನಲ್ಲಿ ಯಾರ ಮಾತು ನಡೆಯುತ್ತದೆಂಬುದು ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಹೆಣದ ವಿಷಯದಲ್ಲಿ ಜನ್ಮದಲ್ಲೇ ಒಂದು ಸುಳ್ಳು ಹೇಳಿದವಳಲ್ಲ. ಬುದ್ಧಿಗಿಂತ ಮೊದಲು ಬಾಯಿ ಮುಂದೆ ಹೋಯಿತು.

“ಜನರೇಟರ್ ಎಲ್ಲಿಡ್ತಾರೆ ಮಾವ?”

“ಅದೇ, ಒಳ ಓಣೀಲಿ.”

“ಅಯ್ಯೋ! ಹಾಗಾದ್ರೆ ನಾನು ಜವಾಬ್ದಾರಿ ಅಲ್ಲಪ್ಪ. ಈಗ ಹಾಕಿರೋ ಔಷಧಿ ಹೊಸದು. ಎಂಜಿನ್ ಹೊಗೆ ಒಂಚೂರು ಕೋಣೆಗೆ ಬಂದ್ರೂ ಮುಖ ಇದ್ಲು ಥರ ಕಪ್ಪಾಗಿ, ಬೆಳಗಾಗೋದ್ರೊಳಗೆ ಕುಂಬ್ಳಕಾಯಿ ಥರ ಊದ್ಕೊಳ್ಳುತ್ತೆ. ಕಿಟಕಿ ಮುಚ್ಚಿದ್ರಂತೂ ಮುಗೀತು.”

ಅಬಾಕಾ ಗೋಡೆ ಹಿಡಿದುಕೊಂಡ. “ಕುಂಬ್ಳಕಾಯಿ?”

“ಬಿಷಪ್ ಮುಂದೆ.”

ನಿಜ ಇದಕ್ಕೆ ತದ್ವಿರುದ್ಧವಾಗಿತ್ತು. ಆ ಹೊಗೆ ಮುಖ ಕೆಡಿಸುವುದಿಲ್ಲ, ಉಸಿರಿರುವವರನ್ನು ಕೊಂದು ಅವರ ಮುಖವನ್ನು ಚಂದ ಮಾಡುತ್ತದೆ. ಆದರೆ ನಿಜಕ್ಕೆ ಯಾವ ಕಾಲೂ ಇರಲಿಲ್ಲ, ಸುಳ್ಳಿಗೆ ಚಕ್ರ ಬಂತು. ಸಂಜೆಯೊಳಗೆ ಕಾಕ್ರಾನ ಜನರೇಟರ್ ರಸ್ತೆ ದಾಟಿ ಶಾಲೆಯ ಗೋಡೆಯಾಚೆಗೆ ಹೋಯಿತು. ಕಾವಲಿಗೆ ಇಬ್ಬರು ದಾಂಡಿಗರು ಕುಳಿತರು. ವೈರು ಎಳೆಯುವ ಖರ್ಚೆಲ್ಲ ಅಬಾಕಾನದೇ. ಅಲಂಕಾರದವರು ಗೊಣಗುತ್ತ ಕಿಟಕಿಗಳ ಮೇಲಿನ ಕೆಂಟೆಯನ್ನು ಕತ್ತರಿಸಿದರು. ಮೂರು ಮುದುಕಿಯರ ಜೀವ ಒಂದಂಗುಲ ಸರಿಸಲಾರದ ಯಂತ್ರವನ್ನು ಒಂದು ಹೆಣದ ಕೆನ್ನೆ ರಸ್ತೆಯಾಚೆಗೆ ತಳ್ಳಿತು.

“ದೊಡ್ಡಮ್ಮನ್ನೂ ಕೂರ್ಸಿ ಮಾವ” ಎಂದು ಅವನು ಶವಾಗಾರ ಬಿಡುವ ಮೊದಲೇ ಅರಾಬಾ ಕೈಮುಗಿದು ಕೇಳಿದ್ದಳು. “ನಿಮ್ಮಕ್ಕ ಅಂದ್ರೆ ಅವರಿಗೆ ಪ್ರಾಣ. ಅವರು ಹಾಡ್ದೇ ಇದ್ರೆ ಹೇಗೆ?”

“ಮುಖದ್ದು ನಿನ್ ಜವಾಬ್ದಾರಿ. ಕೋಣೇಲಿ ಯಾರು ಅನ್ನೋದು ನಂದು” ಎಂದು ಅಬಾಕಾ ಹೊರಟುಹೋಗಿದ್ದ.

ಆ ಶುಕ್ರವಾರ ಸಂಜೆಗೇ ಹೋದ ಕರೆಂಟು ಬೆಳಗಾದರೂ ಬರಲಿಲ್ಲ. ಜನರೇಟರ್ ಶಾಲೆಯ ಗೋಡೆಯಾಚೆ ಗುರುಗುಟ್ಟುತ್ತಲೇ ಇತ್ತು. ಬೆಳಿಗ್ಗೆ ಜಾಗರಣೆಯ ಹೆಂಗಸರೆಲ್ಲ ಎದ್ದು ಬಂದು, ತೆರೆದ ಕಿಟಕಿಯಿಂದ ಸೊಳ್ಳೆ ನುಗ್ಗಿ ಮೈಯೆಲ್ಲ ದದ್ದೆದ್ದಿತೆಂದು ಜಗಳ ತೆಗೆದರು. ಯಾರಿಗೂ ತಲೆ ನೋಯಲಿಲ್ಲ. ಯಾರೂ ಸಾಯಲಿಲ್ಲ. ತೆಕಿವಾಳ ಮುಖ ನಿದ್ದೆ ಮಾಡುವವಳ ಹಾಗಿತ್ತೆಂದು ಬಿಷಪ್ಪರೇ ಹೇಳಿದರು. ಬಾಯಾರಿದವರಿಗೆ ಬಿಯರು, ಹಸಿದವರಿಗೆ ಅನ್ನ, ಎಲ್ಲರ ಬಾಯಲ್ಲೂ ಒಂದೇ ಮಾತು: “ನೋಡಿದ್ರಾ? ಅವಳು ಬರ್ಲಿಲ್ಲ, ಯಾರೂ ಹೋಗ್ಲಿಲ್ಲ.”

ಅರಾಬಾ ಅದನ್ನು ಶಾಮಿಯಾನದ ಕೆಳಗೆ ಕೂತು ಕೇಳಿದಳು. ಬದುಕಿ ಉಳಿದ ಆ ಹೆಂಗಸರು ಅವಳ ಕಣ್ಣೆದುರಲ್ಲೇ ಕೈಕಾಲು ತುರಿಸಿಕೊಳ್ಳುತ್ತ ಮಾಂಸದ ಸಾರು ಸುರ್ರೆಂದು ಹೀರುತ್ತಿದ್ದರು. ಅವಳ ಕಸುಬು ಕೊಡಬಹುದಾದ ಅತ್ಯಂತ ದೊಡ್ಡ ಫಲ ಅದು. ಅವಳಿಗೆ ಸಂತೋಷವಾಗಬೇಕಿತ್ತು. ಊಟ ಮುಟ್ಟದೆ ಎದ್ದಳು. ನೇರವಾಗಿ ದೊಡ್ಡಮ್ಮನ ಮನೆಗೆ ನಡೆದಳು.

ಬೆಂಚಿವಾ ಆಗಲೇ ಬಟ್ಟೆಗಳನ್ನು ಗಂಟು ಕಟ್ಟುತ್ತಿದ್ದಳು. “ಯಾರೂ ಹೋಗ್ಲಿಲ್ಲಂತೆ. ಒಳ್ಳೇದಾಯ್ತು.”

“ಈಗ್ಲೇ ಹೋಗಿ ಎಲ್ಲರ ಮುಂದೆ ಹೇಳ್ಬಿಡ್ತೀನಿ ದೊಡ್ಡಮ್ಮ. ಕುಂಬ್ಳಕಾಯಿ ಕಥೆ ನಾನು ಕಟ್ಟಿದ್ದು, ಹೆಂಗಸ್ರು ಉಳಿದಿದ್ದು ಜನರೇಟರ್ ದೂರ ಹೋಗಿದ್ದಕ್ಕೆ, ನಿಮ್ಮಿಂದ ಅಲ್ಲ ಅಂತ.”

“ಕೂತ್ಕೋ.”

“ಇಲ್ಲ ದೊಡ್ಡಮ್ಮ…”

“ಕೂತ್ಕೋ ಅಂದೆ. ಮುಖ ಊದಲ್ಲ ಅಂತ ನೀನು ಹೇಳಿದ್ ಮರುದಿನ ಆ ಯಂತ್ರ ಎಲ್ಲಿರುತ್ತೆ?”

ಅರಾಬಾ ಕೂತಳು. ಕಾಕ್ರಾನ ಸರಪಳಿ, ಕಿಟಕಿಯ ಕೆಳಗಿನ ಓಣಿ ಕಣ್ಣ ಮುಂದೆ ಬಂತು. ಕಾಣದ, ವಾಸನೆಯಿಲ್ಲದ ಹೊಗೆಯನ್ನು ನಂಬಿ ಯಾರೂ ಇಬ್ಬರು ಕಾವಲುಗಾರರಿಗೆ ಕೂಲಿ ಕೊಡುವುದಿಲ್ಲ.

“ನನ್ನ ಹೆಸರು ವಾಪಸ್ ಬರುತ್ತೆ, ಮುದುಕೀರು ಮತ್ತೆ ಗೋಡೆಗೆ ಒರಗ್ತಾರೆ” ಎಂದಳು ಬೆಂಚಿವಾ. “ಒಟ್ಸಿನ್ ಜೊತೆ ಹೋದ ಆ ಇಬ್ಬರಿಗೂ ನಾನೇ ಹಾಡಿದ್ದು ಕಣೇ. ಒಬ್ಬಳು ನನ್ ಜೊತೆ ಜಡೆ ಹೆಣೆಸ್ಕೊಂಡ್ ಬೆಳೆದೋಳು. ಇನ್ನು ಬೇಡ.” ಗಂಟು ಬಿಗಿದಳು. “ಊರು ಬಿಡೋದು ದೊಡ್ಡದಲ್ಲ. ಹಾಡೋದು ಬಿಡ್ಬೇಕಲ್ಲ, ಅದು ನನ್ನ ಕೈಲಾಗಲ್ಲ ಅರಾಬಾ. ತೆಕಿವಾ ಹಾಗೇ ಹೋದಳು. ಅವರಜ್ಜನ ಹೆಸರು ಕರೆಯೋಕೂ ಯಾರಿಗೂ ಬರ್ಲಿಲ್ವಂತೆ.” ಮುದುಕಿ ಅತ್ತಳು. ಜೀವಮಾನವೆಲ್ಲ ಬೇರೆಯವರಿಗಾಗಿ ಅತ್ತವಳಿಗೆ ತನಗಾಗಿ ಅಳುವುದು ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಮಧ್ಯದಲ್ಲೇ ಎದ್ದು ಹಿತ್ತಿಲಿಗೆ ಓಡಿದಳು.

ಊರು ಬಿಡಬೇಕೆಂದರೆ ಎಷ್ಟು ದೂರ ಎಂದು ಸಭೆ ಹೇಳಿರಲಿಲ್ಲ. ಆಸ್ಪತ್ರೆ ಊರಿನ ಗಡಿಯ ಹೊರಗಿತ್ತು. ಅರಾಬಾ ದೊಡ್ಡಮ್ಮನನ್ನು ತನ್ನ ಸರ್ಕಾರಿ ವಸತಿಗೆ ಕರೆತಂದಳು. ಶವಾಗಾರದ ಗೇಟಿಗೆ ಅದರ ಕಿಟಕಿ ಎದುರು.

ಕೆಲವು ವಾರ ಕಳೆದ ಮೇಲೆ ಅಬಾಕಾ ಒಂದು ಕುರಿ ಹಿಡಿಸಿಕೊಂಡು ಬಂದ. ಹೆಣದ ಮುಖ ಕಾಪಾಡುವ ಉಪಾಯ ಈಗ ಸುತ್ತಲಿನ ಊರುಗಳಿಗೂ ಹಬ್ಬಿತ್ತು. ಎಲ್ಲೆಲ್ಲೂ ಜನರೇಟರ್‌ಗಳು ರಸ್ತೆ ದಾಟುತ್ತಿದ್ದವು.

“ಎರಡು ಉಪಕಾರ ಮಾಡಿದೀಯ ಮಗಳೇ. ಒಂದು, ನಮ್ಮ ಹೆಣಗಳ ಮಾನ ಕಾಪಾಡಿದೆ. ಇನ್ನೊಂದು…” ದನಿ ತಗ್ಗಿಸಿ ಮನೆಯೊಳಗೆ ಇಣುಕಿದ. “…ಇವಳನ್ನ ಇಲ್ಲಿ ಕಟ್ಟಿಹಾಕಿದೆ. ಆವತ್ತಿನಿಂದ ಒಬ್ಬರೂ ಜೊತೆಗೆ ಹೋಗಿಲ್ಲ.”

ಅರಾಬಾಳ ಬಾಯಿ ತೆರೆಯಿತು. ಒಳಗಿನಿಂದ ಬೆಂಚಿವಾ ನೀರಿನ ಲೋಟ ಹಿಡಿದು ಬಂದು, ಅಬಾಕಾನ ಮುಂದೆ ಇಟ್ಟು, ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಅವನು ಆ ನೀರು ಮುಟ್ಟಲಿಲ್ಲ. ಅರಾಬಾ ಬಾಯಿ ಮುಚ್ಚಿದಳು. ಕುರಿಯನ್ನು ಆ ಭಾನುವಾರ ಇಬ್ಬರೂ ಸಾರು ಮಾಡಿ ತಿಂದರು.

ಅದೇ ವರ್ಷ ಆಸ್ಪತ್ರೆಯ ಮೇಲಧಿಕಾರಿ ಅವಳ ವಿಭಾಗದ ಸಾಧನೆ ಏನೆಂದು ಕೇಳಿದ. ಈ ಜಿಲ್ಲೆಯಲ್ಲಿ ಸಾಯದೆ ಉಳಿದವರು ಎಂದಳು. ಅವರನ್ನು ತೋರಿಸಮ್ಮ ಎಂದ. ಅವಳಿಗೆ ತೋರಿಸಲಾಗಲಿಲ್ಲ.

ಆದರೆ ಶುಕ್ರವಾರ ಸಂಜೆ ಎಲ್ಲರೂ ಆ ಗೇಟಿಗೆ ಬರಲೇಬೇಕು. ಸತ್ತವರು ಯಾರೇ ಇರಲಿ, ಯಾವ ಕುಲದವರೇ ಇರಲಿ, ಊರಿಗೆ ಮರಳುವ ದಾರಿ ಬೆಂಚಿವಾಳ ಕಿಟಕಿಯ ಮುಂದೆಯೇ. ಒಂದು ಶುಕ್ರವಾರ ಜನ ಬಂದದ್ದು ಅಬಾಕಾನ ಭಾವಮೈದುನನ ಹೆಣ ಒಯ್ಯಲು. ಶವ ಗಾಡಿಗೆ ಏರುತ್ತಿದ್ದಂತೆ ಕಿಟಕಿಯಿಂದ ದನಿ ಎದ್ದಿತು. ಮೊದಲು ಸತ್ತವನ ಹೆಸರು, ಆಮೇಲೆ ಅವನ ತಂದೆಯ ಹೆಸರು, ಆಮೇಲೆ ದೋಣಿಯೊಂದಿಗೆ ಮುಳುಗಿದ ಅವನಜ್ಜನ ಹೆಸರು. ನೆಂಟರೆಲ್ಲ ಬೆಚ್ಚಿ ಗಾಡಿಯ ಹಿಂದೆ ಸರಿದರು. ಯಾರೂ ಓಡಲಿಲ್ಲ. ಒಬ್ಬಳು ಅಳತೊಡಗಿದಳು, ಆಮೇಲೆ ಎಲ್ಲರೂ.

ಅಬಾಕಾ ಅರಾಬಾಳ ಪಕ್ಕಕ್ಕೆ ಬಂದು ನಿಂತ. “ನಮ್ಮಮ್ಮನಿಗೆ ಹಾಡಿದ್ದೂ ಅವಳೇ” ಎಂದ, ಯಾರಿಗೋ ಹೇಳುವವನಂತೆ. ಕಣ್ಣೊರೆಸಿಕೊಂಡ. “ದೂರದಿಂದ ಆದ್ರೆ ಪರವಾಗಿಲ್ಲ. ಹಾಡ್ಲಿ.” ಆಮೇಲೆ ಚಾಲಕನ ಕಡೆ ತಿರುಗಿ ಗುಡುಗಿದ, “ಆ ಎಂಜಿನ್ ಆರ್ಸೋ, ಮುಠ್ಠಾಳ! ಒಂದೂ ಕೇಳಿಸ್ತಿಲ್ಲ!”

ಎಂಜಿನ್ ಆರಿತು. ಹಾಡು ಎತ್ತರಕ್ಕೇರಿತು. ಸತ್ತವನನ್ನು ನದಿಯ ದಡದ ತನಕ ಕರೆದೊಯ್ದು, ಇನ್ನೇನು ಅತ್ತ ಕಡೆಗೆ ದಾಟಿಸಬೇಕು ಎನ್ನುವಾಗ ದನಿ ಥಟ್ಟನೆ ನಿಂತುಹೋಯಿತು. ಕಿಟಕಿ ಖಾಲಿ.

“ಅವನ ಜೊತೆ ಮಾತಾಡ್ತಿದಾಳೆ” ಎಂದು ಅಬಾಕಾ ಪಿಸುಗುಟ್ಟಿ ಟೋಪಿ ತೆಗೆದ. ಎಲ್ಲರೂ ತಲೆ ತಗ್ಗಿಸಿದರು.

ಹಿತ್ತಿಲ ಕಡೆಯ ಬಾಗಿಲು ಕಿರ್ರೆಂದದ್ದು ಅರಾಬಾಳಿಗೆ ಕೇಳಿಸಿತು. ಅವಳೂ ತಲೆ ತಗ್ಗಿಸಿ, ದೊಡ್ಡಮ್ಮ ವಾಪಸ್ಸು ಬರುವ ತನಕ ಎಲ್ಲರ ಜೊತೆ ಕಾದಳು.